ಕೂರಿಗೆಯ ವಂಶಾವಳಿ: ಹತಾರಗಳು ಜೀವಿಗಳಂತೆ ವಿಕಾಸವಾಗುತ್ತವೆಯೇ?



ಯಾರ ನೆನಪಿನಲ್ಲಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಅವರು ಹಳ್ಳಿಯ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವರು. ಆದ್ದರಿಂದ ಅವರಿಗೆ ಪ್ರಿಯವಾಗಿದ್ದ ವಿಕಾಸವಾದವನ್ನು ಹಿಡಿದುಕೊಂಡು, ಅದನ್ನು ಶಾಲೆಯ ಆಚೆಗಿನ ಬಡಗಿಯ ಕೊಟ್ಟಿಗೆಯವರೆಗೆ ಒಯ್ಯಬೇಕೆಂದು ನನ್ನ ಆಸೆ.

ಎರಡು ತಾರೀಖುಗಳಿಂದ ಶುರು ಮಾಡುತ್ತೇನೆ. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅವರು ಜಲ್ಲಿಗಾಗಿ ತೋಡಿದ್ದ ಗುಂಡಿಯ ಬಳಿ ಒಂದು ಕಲ್ಲನ್ನು ಎತ್ತಿಕೊಂಡರು. ಅದರ ಚಕ್ಕೆಗಳು ತಾವಾಗಿ ಎದ್ದವಲ್ಲ, ಮನುಷ್ಯನ ಕೈ ಎಬ್ಬಿಸಿದವು ಎಂದು ಅವರು ಗುರುತಿಸಿದರು. ನಮ್ಮ ದೇಶದ ಹಳೆ ಶಿಲಾಯುಗದ ಅಧ್ಯಯನ ಆ ಕಲ್ಲಿನಿಂದ ಶುರುವಾಯಿತು. ಸರಿಯಾಗಿ ಎರಡು ವಾರ ಕಳೆದ ಮೇಲೆ, ಜೂನ್ 13ರಂದು, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ‘ದ ಪ್ರೆಸ್’ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಕೆಳಗೆ ‘ಸೆಲ್ಲಾರಿಯಸ್’ ಎಂಬ ಸುಳ್ಳು ಹೆಸರು. ಬರೆದವರು ಕುರಿ ಸಾಕಲೆಂದು ಇಂಗ್ಲೆಂಡಿನಿಂದ ಅಲ್ಲಿಗೆ ಹೋಗಿದ್ದ 27 ವರ್ಷದ ಸ್ಯಾಮ್ಯುಯೆಲ್ ಬಟ್ಲರ್. ಪತ್ರದ ತಲೆಬರಹ ‘ಯಂತ್ರಗಳ ನಡುವೆ ಡಾರ್ವಿನ್’.

1859ರಲ್ಲಿ ಪ್ರಕಟವಾದ ಡಾರ್ವಿನ್ನರ ಗ್ರಂಥವನ್ನು ಬಟ್ಲರ್ ಆ ಕುರಿಗಾವಲಿನಲ್ಲಿ ಓದಿದ್ದರು. ಅವರ ಪತ್ರದ ಸಾರ ಹೀಗಿದೆ: ಹಳೆ ಕಾಲದ ದೊಡ್ಡ ಗಡಿಯಾರಗಳಿಂದ ಕಿಸೆಯ ಗಡಿಯಾರ ಇಳಿದು ಬಂದಿದೆ, ಯಂತ್ರಗಳಲ್ಲೂ ಕುಲ, ಪ್ರಭೇದಗಳಿವೆ, ಅವು ಪ್ರಾಣಿಗಳಿಗಿಂತ ಬಹಳ ಬೇಗ ಬದಲಾಗುತ್ತಿವೆ, ಹೀಗೇ ಬಿಟ್ಟರೆ ಒಂದು ದಿನ ಮನುಷ್ಯ ಅವುಗಳ ಸಾಕುಪ್ರಾಣಿಯಾಗುತ್ತಾನೆ. ಪಲ್ಲಾವರಂನ ಕಲ್ಲು ಮತ್ತು ಕ್ರೈಸ್ಟ್‌ಚರ್ಚ್‌ನ ಪತ್ರಗಳಿಗೆ ಪರಸ್ಪರ ಪರಿಚಯವಿರಲಿಲ್ಲ. ಆದರೂ ಹದಿನೈದು ದಿನಗಳೊಳಗೆ ಒಂದೇ ಪ್ರಶ್ನೆಯ ಎರಡು ತುದಿಗಳು ಜಗತ್ತಿನ ಮುಂದೆ ಬಂದವು. ಹತಾರಕ್ಕೆ ವಂಶವಿದೆಯೇ? ಇದ್ದರೆ ಅದು ಜೀವಿಯ ವಂಶದಂತೆಯೇ ಬೆಳೆಯುತ್ತದೆಯೇ?

ಮೊದಲು ಮಾತೊಂದನ್ನು ಸರಿಪಡಿಸಿಕೊಳ್ಳಬೇಕು. ಕನ್ನಡದಲ್ಲಿ ನಾವು ‘ವಿಕಾಸ’ ಎನ್ನುತ್ತೇವೆ. ವಿಕಾಸವೆಂದರೆ ಅರಳುವುದು. ಮೊಗ್ಗು ಹೂವಾಯಿತು ಎಂಬ ಸಂತೋಷ ಆ ಪದದ ಒಳಗೇ ಕೂತಿದೆ. ಡಾರ್ವಿನ್ ಹೇಳಿದ್ದು ತಲೆಮಾರಿನಿಂದ ತಲೆಮಾರಿಗೆ ಮಾರ್ಪಾಡಾಗುತ್ತ ಇಳಿದು ಬರುವುದನ್ನು. ಕತ್ತಲ ಗುಹೆಯ ಮೀನು ಕಣ್ಣು ಕಳೆದುಕೊಳ್ಳುವುದೂ ವಿಕಾಸವೇ. ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ 1970ರಲ್ಲಿ ಇದಕ್ಕೆ ಬೇಕಾದುದನ್ನು ಮೂರೇ ಮಾತಿನಲ್ಲಿ ಬಿಡಿಸಿ ಇಟ್ಟರು. ಒಂದರಂತೆ ಒಂದು ಇರಬಾರದು. ಆ ಬೇರೆತನದಿಂದಾಗಿ ಕೆಲವಕ್ಕೆ ಹೆಚ್ಚು ಸಂತಾನ, ಕೆಲವಕ್ಕೆ ಕಡಿಮೆ ಆಗಬೇಕು. ಮತ್ತು ಆ ಬೇರೆತನ ಮುಂದಿನ ಪೀಳಿಗೆಗೆ ಬಳುವಳಿಯಾಗಿ ಹೋಗಬೇಕು. ಈ ಮೂರೂ ಎಲ್ಲಿ ಕೂಡಿದರೂ ವಿಕಾಸ ನಡೆಯುತ್ತದೆ. ಅಲ್ಲಿ ರಕ್ತಮಾಂಸ ಇರಲೇಬೇಕೆಂಬ ಕರಾರು ಇದರಲ್ಲಿಲ್ಲ.

ಹಾಗಾದರೆ ಕಲ್ಲಿನಿಂದಲೇ ನೋಡೋಣ. ಯಾದಗಿರಿ ಜಿಲ್ಲೆಯ ಹುಣಸಗಿಯ ಕಣಿವೆಯಲ್ಲಿ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯ ಅವರು ದಶಕಗಳ ಕಾಲ ಆ ಕಣಿವೆಯನ್ನು ನಡೆದು ನಡೆದು ಶೋಧಿಸಿದರು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸು ನೆಲದ ಮೇಲೆಯೇ ತೆರೆದುಕೊಂಡಿದೆ. ಆದಿಮಾನವರು ಅದೇ ಹಾಸನ್ನು ಕಿತ್ತು, ಅಲ್ಲೇ ಕುಳಿತು ಕೈಗೊಡಲಿಗಳನ್ನು ಮಾಡಿದ್ದಾರೆ. ಬಡಿದ ಕಲ್ಲು, ಎದ್ದ ಚಕ್ಕೆ, ಅರ್ಧಕ್ಕೆ ಬಿಟ್ಟ ಕೊಡಲಿ ಎಲ್ಲವೂ ಅಲ್ಲಲ್ಲೇ ಬಿದ್ದಿದ್ದವು. ಜೊತೆಗೆ ಸಿಕ್ಕ ಪ್ರಾಣಿಯ ಹಲ್ಲಿನಿಂದ ಲೆಕ್ಕ ಹಾಕಿದ ವಯಸ್ಸು ಸುಮಾರು 12 ಲಕ್ಷ ವರ್ಷ. ಅದು ಕಮ್ಮಟ, ಅದು ಶಾಲೆ. ಎಳೆಯರು ಹಿರಿಯರ ಪಕ್ಕ ಕುಳಿತು ನೋಡಿ ಕಲಿಯದೆ ಆ ಆಕಾರ ಇಷ್ಟು ದೂರ ಬರುವುದು ಸಾಧ್ಯವೇ ಇಲ್ಲ ಎಂದು ನಾನು ನಂಬುತ್ತೇನೆ.

ಆದರೆ ಅದೇ ಕೈಗೊಡಲಿ ನಮ್ಮ ಪ್ರಶ್ನೆಯನ್ನು ಕಠಿಣವೂ ಮಾಡುತ್ತದೆ. ಆಫ್ರಿಕಾದಿಂದ ಭಾರತದವರೆಗೆ ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಆ ಬಾದಾಮಿ ಆಕಾರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಬಟ್ಲರ್ ಹೇಳಿದ ವೇಗ ಅಲ್ಲಿಲ್ಲ. ಹಕ್ಕಿಯ ಗೂಡಿನಂತೆ ಅದು ಮೈಯಲ್ಲೇ ಬಂದದ್ದಿರಬೇಕು ಎಂದು ವಾದಿಸುವ ವಿದ್ವಾಂಸರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ವಿಕಾಸಕ್ಕೆ ನಕಲು ಎಷ್ಟು ಮುಖ್ಯವೋ ನಕಲಿನಲ್ಲಿ ತಪ್ಪುವುದೂ ಅಷ್ಟೇ ಮುಖ್ಯ. ನಕಲು ಕಟ್ಟುನಿಟ್ಟಾಗಿದ್ದು, ಬದುಕೂ ಬದಲಾಗದಿದ್ದರೆ ವಂಶ ನಿಂತಲ್ಲೇ ನಿಲ್ಲುತ್ತದೆ. ಜೀವಿಗಳಲ್ಲೂ ಇದು ಹೊಸತಲ್ಲ.

ಹತಾರಗಳ ವಂಶವನ್ನು ಸಾಲಾಗಿ ಜೋಡಿಸಲು ಹೊರಟವರಲ್ಲಿ ಬ್ರಿಟಿಷ್ ಸೇನಾಧಿಕಾರಿ ಪಿಟ್ ರಿವರ್ಸ್ ಮೊದಲಿಗರು. ಬಂದೂಕುಗಳು ಸಣ್ಣ ಸಣ್ಣ ಮಾರ್ಪಾಡಿನಿಂದ ಬದಲಾಗುವುದನ್ನು ಕಂಡು ಅವರು ಸಾವಿರಾರು ವಸ್ತುಗಳನ್ನು ಕೂಡಿಹಾಕಿದರು. 1884ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅವರ ಹೆಸರಿನ ಸಂಗ್ರಹಾಲಯ ಸ್ಥಾಪನೆಯಾಯಿತು. ಆದರೆ ಅವರು ಸರಳವಾದುದನ್ನು ಕೆಳಗೂ ಸಂಕೀರ್ಣವಾದುದನ್ನು ಮೇಲೂ ಇಟ್ಟು ಏಣಿ ಕಟ್ಟಿದರು. ತಮ್ಮ ಕಾಲದಲ್ಲೇ ಬದುಕಿದ್ದ ಜನಸಮುದಾಯಗಳನ್ನು ಏಣಿಯ ಕೆಳಮೆಟ್ಟಿಲುಗಳಲ್ಲಿ ಕೂರಿಸಿದರು. ಇದು ದೊಡ್ಡ ತಪ್ಪು, ವಸಾಹತುಶಾಹಿಗೆ ಒದಗಿಬಂದ ತಪ್ಪು. ವಿಕಾಸದಲ್ಲಿ ಏಣಿಯಿಲ್ಲ. ಅದನ್ನು ತಿಳಿಯಲು ಸಂಗ್ರಹಾಲಯಕ್ಕಿಂತ ಹೊಲ ವಾಸಿ.

ನಾನು ಬಯಲುಸೀಮೆಯ ಒಕ್ಕಲು ಮನೆಯಲ್ಲಿ ಹುಟ್ಟಿದವನು. ನಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ಕೂರಿಗೆ ಇರುತ್ತಿತ್ತು. ಇಲ್ಲಿರುವ ಕಿರಿಯರಲ್ಲಿ ಹಲವರು ಅದನ್ನು ಕಂಡಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಅಡ್ಡಲಾಗಿ ಒಂದು ಮರದ ದಿಂಡು. ಅದಕ್ಕೆ ಸಮ ಅಂತರದಲ್ಲಿ ಬಡಿದ ತಾಳುಗಳು. ತಾಳಿನ ತುದಿ ನೆಲ ಸೀಳುತ್ತದೆ, ಅದರ ಬೆನ್ನಿನ ತೂತಿನಿಂದ ಕಾಳು ಬೀಳುತ್ತದೆ. ಪ್ರತಿ ತೂತಿನಿಂದಲೂ ಒಂದೊಂದು ಬಿದಿರಿನ ಕೊಳವೆ ಮೇಲೆದ್ದು, ಎಲ್ಲವೂ ಒಂದು ಮರದ ಬಟ್ಟಲಿನ ತಳದಲ್ಲಿ ಕೂಡುತ್ತವೆ. ಎತ್ತು ಮುಂದೆ ಎಳೆಯುತ್ತದೆ. ಹಿಂದೆ ನಡೆಯುವವರು ಬಟ್ಟಲಿಗೆ ಕಾಳು ಬಿಡುತ್ತ ಹೋಗುತ್ತಾರೆ. ನಮ್ಮ ಮನೆಯಲ್ಲಿ ಅದು ಅಜ್ಜಿಯ ಕೆಲಸವಾಗಿತ್ತು. ಹಿಡಿಯೊಳಗಿನ ರಾಗಿ ಬೆರಳ ಸಂದಿಯಿಂದ ಒಂದೇ ಸಮನೆ ಜಾರಬೇಕು. ಹೆಚ್ಚು ಬಿಟ್ಟರೆ ಪೈರು ಒತ್ತಾಗುತ್ತದೆ, ಕಡಿಮೆ ಬಿಟ್ಟರೆ ಸಾಲು ಬೋಳಾಗುತ್ತದೆ. ಕಾಳಿನ ಅಳತೆ ಹತಾರದಲ್ಲಿ ಇರಲಿಲ್ಲ. ಅಜ್ಜಿಯ ಬೆರಳಲ್ಲಿ ಇತ್ತು.

ಯುಗಾದಿ ಕಳೆದ ಮೇಲೆ ಮುಂಗಾರಿಗೆ ಮುಂಚೆ ಬಡಗಿಯ ಕೊಟ್ಟಿಗೆಯ ಮುಂದೆ ಸಾಲು ನಿಲ್ಲುತ್ತಿತ್ತು. ಅವರಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಆಯ, ಅಂದರೆ ಕೂಲಿಯ ಕಾಳು, ಕೊಡುತ್ತಿದ್ದೆವು. ನಕ್ಷೆ ಎಂಬುದು ಅವರ ಬಳಿ ಇರಲಿಲ್ಲ. ಹಳೆಯ ದಿಂಡನ್ನು ಪಕ್ಕದಲ್ಲಿ ಮಲಗಿಸಿ, ಹೊಸ ಜಾಲಿಯ ತುಂಡಿನ ಮೇಲೆ ಗೇಣು, ಬೆರಳುಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನಮ್ಮಪ್ಪ ಒಂದು ವರ್ಷ ಹೇಳಿದ್ದು ನೆನಪಿದೆ: “ಆಚಾರ್ರೇ, ಹೋದ ಸಲ ಸಾಲು ಇಕ್ಕಟ್ಟಾಯ್ತು. ಈ ಸಲ ಒಂದು ಬೆರಳು ಅಗಲ ಬಿಡಿ.” ಅವರು ಒಪ್ಪಲಿಲ್ಲ. “ಒಂದು ಬೆರಳು ಬಿಟ್ರೆ ನಿಮ್ಮ ಎಡೆಕುಂಟೇನೂ ಬದಲಾಯಿಸ್ಬೇಕಾಯ್ತದೆ ಗೌಡ್ರೇ, ಅರ್ಧ ಬಿಡ್ತೀನಿ, ನೋಡಿ” ಎಂದರು.

ಆ ಅರ್ಧ ಬೆರಳಿನಲ್ಲಿ ಲೆವಾಂಟಿನ್ನರ ಮೂರೂ ಮಾತುಗಳಿವೆ. ಹಳೆ ದಿಂಡು ಹೊಸದಕ್ಕೆ ತಾಯಿ: ಅದು ಬಳುವಳಿ. ಅರ್ಧ ಬೆರಳು ಬೇರೆತನ. ಆಯ್ಕೆ ಮಾಡುವುದು ಮಳೆ, ಮಣ್ಣು, ಕಳೆ ಮತ್ತು ಸುಗ್ಗಿಯಲ್ಲಿ ಕಣದ ರಾಶಿ. ಬೆಳೆ ಚೆನ್ನಾಗಿ ಬಂದರೆ ಪಕ್ಕದ ಹೊಲದವರು ಮುಂದಿನ ವರ್ಷ ಬಂದು ‘ಅವರ ಕೂರಿಗೆಯಂಥದೇ ಮಾಡಿಕೊಡಿ’ ಎನ್ನುತ್ತಾರೆ. ಆ ಅರ್ಧ ಬೆರಳಿಗೆ ಸಂತಾನವಾಯಿತು.

ಬಡಗಿಯ ಮಾತಿನಲ್ಲಿ ಇನ್ನೂ ಆಳವಾದ ಸಂಗತಿಯೊಂದಿದೆ. ಕೂರಿಗೆಯ ತಾಳುಗಳ ನಡುವಿನ ಅಂತರ ಎಷ್ಟೋ, ಸಾಲುಗಳ ನಡುವಿನ ಅಂತರ ಅಷ್ಟು. ಪೈರು ಬಂದ ಮೇಲೆ ಆ ಸಾಲುಗಳ ನಡುವೆ ಎಡೆ ಹೊಡೆಯಬೇಕು. ಎಡೆಕುಂಟೆಯ ಕುಡ, ಅಂದರೆ ಕಳೆ ಕೀಳುವ ಅಲಗು, ಆ ಎಡೆಗಿಂತ ಸ್ವಲ್ಪ ಕಿರಿದಾಗಿರಬೇಕು. ಇಲ್ಲದಿದ್ದರೆ ಕಳೆಯ ಜೊತೆಗೆ ಪೈರೂ ಹೋಗುತ್ತದೆ. ಎತ್ತುಗಳು ಪೈರು ತುಳಿಯದೆ ಸಾಲಿನಲ್ಲಿ ನಡೆಯಬೇಕಾದರೆ ನೊಗದ ಉದ್ದವೂ ಇದಕ್ಕೆ ಹೊಂದಬೇಕು. ಕೂರಿಗೆ, ಎಡೆಕುಂಟೆ, ನೊಗ ಮೂರೂ ಒಂದನ್ನೊಂದು ಹಿಡಿದು ನಿಲ್ಲಿಸಿವೆ. ಹೂವಿನ ನಾಳ ಉದ್ದವಾದರೆ ಚಿಟ್ಟೆಯ ಕೊಳವೆ ನಾಲಿಗೆಯೂ ಉದ್ದವಾಗುವ ಸಹವಿಕಾಸವನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ. ಅದು ಬಡಗಿಗೆ ಗೊತ್ತಿತ್ತು.

ನೆಲ ಬದಲಾದರೆ ಹತಾರವೂ ಬದಲಾಗುತ್ತದೆ. ರಾಗಿ ಸಣ್ಣ ಕಾಳು, ಆಳಕ್ಕೆ ಬಿದ್ದರೆ ಮೇಲೆ ಬರುವುದಿಲ್ಲ. ಕೆಂಪು ನೆಲದ ರಾಗಿ ಕೂರಿಗೆ ಹಗುರ, ತಾಳುಗಳು ಹತ್ತಿರ ಹತ್ತಿರ. ಎರೆ ಭೂಮಿಯ ಹಿಂಗಾರಿ ಜೋಳ ಮಳೆ ನಿಂತ ಮೇಲೆ ಮಣ್ಣಿನ ಒಳಗಿನ ಹಸಿಯನ್ನೇ ನಂಬಿ ಬೆಳೆಯುವ ಬೆಳೆ. ಕಾಳು ಆ ಹಸಿಯನ್ನು ಮುಟ್ಟಬೇಕು. ಅಲ್ಲಿಯ ಕೂರಿಗೆ ಭಾರ, ತಾಳುಗಳು ಕಡಿಮೆ, ಅಂತರ ಹೆಚ್ಚು. ಇವೆರಡರಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಕೇಳುವುದು ಕೊಕ್ಕರೆ ದೊಡ್ಡದೋ ಮರಕುಟಿಗ ದೊಡ್ಡದೋ ಎಂದು ಕೇಳಿದಂತೆ.

ಸಾಲು ಬಿತ್ತನೆ ಬಹಳ ಹಳೆಯ ವಿದ್ಯೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಮೆಸೊಪೊಟೇಮಿಯಾದ ಮುದ್ರೆಗಳಲ್ಲಿ ನೇಗಿಲಿಗೆ ಕೊಳವೆ ಕಟ್ಟಿ ಬಿತ್ತುವ ಚಿತ್ರವಿದೆ. ಇಂಗ್ಲೆಂಡಿನಲ್ಲಿ ಜೆತ್ರೊ ಟಲ್ 1701ರಲ್ಲಿ ತಮ್ಮ ಬಿತ್ತನೆ ಯಂತ್ರವನ್ನು ರೂಪಿಸಿದರು. ಅದೇ ಶತಮಾನದ ಕೊನೆಗೆ ದಕ್ಷಿಣ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಹಾಲ್ಕಾಟ್, ಯೂರೋಪಿನ ಹೊಸ ಶೋಧವೆಂದು ತಾವು ತಿಳಿದಿದ್ದ ಸಾಲು ಬಿತ್ತನೆ ಇಲ್ಲಿಯ ರೈತರ ನಿತ್ಯದ ಪದ್ಧತಿಯಾಗಿರುವುದನ್ನು ಕಂಡು ಬೆರಗಾಗಿ ಬರೆದರು. ಇತಿಹಾಸಕಾರ ಧರಂಪಾಲ್ ಅವರು ಆ ಬರಹವನ್ನು ಹುಡುಕಿ ತೆಗೆದು 1971ರ ತಮ್ಮ ಗ್ರಂಥದಲ್ಲಿ ಸೇರಿಸಿದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸ ಕಥನದಲ್ಲೂ ನಮ್ಮ ಕೂರಿಗೆ, ಕುಂಟೆಗಳು ಹೆಸರು ಸಮೇತ ಬರುತ್ತವೆ. ಕಲ್ಲಿಗೆ ಇರುವ ಭಾಗ್ಯ ಮರಕ್ಕಿಲ್ಲ. ಇಸಾಂಪುರದ ಕೊಡಲಿ 12 ಲಕ್ಷ ವರ್ಷ ಕಾಯ್ದುಕೊಂಡಿತು. ಕೂರಿಗೆಗೆ ಪಳೆಯುಳಿಕೆಯಿಲ್ಲ. ಗೆದ್ದಲು ತಿನ್ನದೇ ಉಳಿದದ್ದು ಇಂಥ ಬರಹಗಳಲ್ಲಿ ಮಾತ್ರ.

ಟಲ್ ಅವರ ಯಂತ್ರದ ವಿಚಾರದಲ್ಲಿ ಇನ್ನೊಂದು ಮಾತು. ಬೀಜ ಒಂದೊಂದಾಗಿ ಬೀಳಿಸುವ ಉಪಾಯ ತಮಗೆ ಹೊಳೆದದ್ದು ಚರ್ಚಿನ ಆರ್ಗನ್ ವಾದ್ಯದ ಒಳಗಿನ ರಚನೆಯಿಂದ ಎಂದು ಅವರು ಹೇಳಿಕೊಂಡಿದ್ದಾರೆ. ಹತಾರದ ವಂಶ ಜೀವಿಯ ವಂಶದಿಂದ ಬೇರೆಯಾಗುವುದು ಇಲ್ಲಿ. ಮಾನವಶಾಸ್ತ್ರಜ್ಞ ಕ್ರೋಬರ್ 1948ರಲ್ಲಿ ಎರಡು ಮರಗಳ ಚಿತ್ರ ಬರೆದು ಇದನ್ನು ತೋರಿಸಿದರು. ಜೀವವೃಕ್ಷದ ಕೊಂಬೆಗಳು ಕವಲೊಡೆದ ಮೇಲೆ ದೂರ ದೂರ ಹೋಗುತ್ತವೆ. ಸಂಸ್ಕೃತಿಯ ಮರದ ಕೊಂಬೆಗಳು ಮತ್ತೆ ಬಂದು ಕೂಡಿಕೊಳ್ಳುತ್ತವೆ. ವಾದ್ಯವೊಂದು ನೇಗಿಲಿನ ಜೊತೆ ಸಂಬಂಧ ಬೆಳೆಸುತ್ತದೆ. ಬೆಕ್ಕು ಬೇವಿನ ಮರದ ಜೊತೆ ಬೆಳೆಸುವುದಿಲ್ಲ. ಆದರೂ ಈ ಭೇದವನ್ನು ಹಿಂದಿನಷ್ಟು ಗಟ್ಟಿಯಾಗಿ ಹೇಳಲು ಈಗ ಬರುವುದಿಲ್ಲ. ಬ್ಯಾಕ್ಟೀರಿಯಾಗಳು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಂದ ಜೀನುಗಳನ್ನು ಪಡೆಯುತ್ತವೆ. ನಾವು ತಿನ್ನುವ ಚಪಾತಿಯ ಗೋಧಿ ಮೂರು ಹುಲ್ಲುಗಳ ವಂಶಗಳು ಕೂಡಿ ಹುಟ್ಟಿದ್ದು.

ವಾದ್ಯದ ಮಾತು ಬಂದಾಗ ಪಿಟೀಲನ್ನು ಬಿಟ್ಟು ಮುಂದೆ ಹೋಗಲಾರೆ. ಪಿಟೀಲಿನ ಮೈಮೇಲೆ ತಂತಿಗಳ ಎರಡೂ ಕಡೆ ಸಣ್ಣ ಹಾವಿನಂತೆ ಬಾಗಿದ ಎರಡು ಸೀಳುಗಳಿವೆ. ಆ ಆಕಾರ ಎಲ್ಲಿಂದ ಬಂತು? 2015ರಲ್ಲಿ ಅಮೆರಿಕದ ಎಂಐಟಿಯ ಎಂಜಿನಿಯರರು ಹತ್ತನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗಿನ ವಾದ್ಯಗಳ ಆ ರಂಧ್ರಗಳನ್ನು ಅಳೆದು ನೋಡಿದರು. ಮೊದಲು ಅದು ದುಂಡು ತೂತು. ಆಮೇಲೆ ಅರೆಚಂದ್ರ. ಬಳಿಕ ಉದ್ದವಾಗುತ್ತ ಬಾಗುತ್ತ ಇಂದಿನ ರೂಪಕ್ಕೆ ಬಂತು. ಗಾಳಿ ಹೆಚ್ಚಾಗಿ ಹರಿಯುವುದು ರಂಧ್ರದ ನಡುವಿನಲ್ಲಲ್ಲ, ಅಂಚಿನಲ್ಲಿ. ಹಾಗಾಗಿ ಸಪೂರವಾಗಿ ಉದ್ದವಾದ ಸೀಳು ಹೆಚ್ಚು ದನಿ ಕೊಡುತ್ತದೆ. ಇಟಲಿಯ ಕ್ರೆಮೋನಾ ಪಟ್ಟಣದ ಅಮಾಟಿ, ಸ್ಟ್ರಾಡಿವರಿ, ಗ್ವಾರ್ನೆರಿ ಮನೆತನಗಳ ಪಿಟೀಲುಗಳಲ್ಲಿ ಆ ಸೀಳು ಇನ್ನೂರು ವರ್ಷ ಕಾಲ ನಿಧಾನವಾಗಿ ಉದ್ದವಾಗುತ್ತ ಹೋಗಿದೆ. ಪ್ರತಿ ತಲೆಮಾರಿನ ಬದಲಾವಣೆ ಎಷ್ಟು ಸಣ್ಣದೆಂದರೆ, ಕೆತ್ತುವ ಕೈಯ ಸಹಜ ತಪ್ಪಿನಿಂದಲೇ ಅಷ್ಟು ಆಗಬಹುದು. ಸೂತ್ರ ತಿಳಿದು ಮಾಡಿದ್ದೇ ಆಗಬೇಕಿಲ್ಲ. ಕೈ ಸ್ವಲ್ಪ ಜಾರಿತು, ದನಿ ತುಸು ತುಂಬಿ ಬಂತು, ಮಗ ಅಪ್ಪನ ಆ ಪಿಟೀಲನ್ನೇ ಮಾದರಿಗೆ ಆರಿಸಿಕೊಂಡ. ಫ್ರೆಂಚ್ ಚಿಂತಕ ಅಲೆನ್ 1908ರಲ್ಲಿ ಬ್ರಿಟನಿ ಕರಾವಳಿಯ ದೋಣಿಗಳ ಬಗ್ಗೆ ಇಂಥದೇ ಮಾತು ಬರೆದರು: ಕೆಟ್ಟ ದೋಣಿ ಮುಳುಗುತ್ತದೆ, ಅದನ್ನು ಯಾರೂ ನಕಲು ಮಾಡುವುದಿಲ್ಲ, ಆದ್ದರಿಂದ ದೋಣಿಯನ್ನು ರೂಪಿಸುವುದು ಕಡಲೇ ಎಂಬ ಅರ್ಥದ ಮಾತು.

ಇನ್ನು ನಮ್ಮ ಮೈಸೂರಿನ ಕಥೆ. ತಿರುಮಕೂಡಲಿನವರಾದ ಪಿಟೀಲು ಚೌಡಯ್ಯನವರು ಗಾಯಕ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ದೊಡ್ಡ ಕಂಠಗಳ ಜೊತೆ ಪಕ್ಕವಾದ್ಯ ನುಡಿಸಬೇಕು, ಚಪ್ಪರದ ಕೊನೆಯ ಸಾಲಿನವರಿಗೂ ಕೇಳಿಸಬೇಕು. ನಾಲ್ಕು ತಂತಿಯ ಪಿಟೀಲಿಗೆ ಅವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅದನ್ನು ಶ್ರುತಿಗೆ ನಿಲ್ಲಿಸುವುದು ಕಷ್ಟ, ನುಡಿಸುವುದು ಇನ್ನೂ ಕಷ್ಟ. ಆದರೆ ಆ ತುಂಬು ನಾದ ನಾಡನ್ನೆಲ್ಲ ಗೆದ್ದಿತು. ಅಷ್ಟರಲ್ಲಿ ಕಛೇರಿಗೆ ಮೈಕು ಬಂತು. ಏಳು ತಂತಿ ಯಾವ ಕೊರತೆಯನ್ನು ತುಂಬಲು ಹುಟ್ಟಿತ್ತೋ ಆ ಕೊರತೆಯೇ ಇಲ್ಲವಾಯಿತು. ಇಂದು ಕಛೇರಿಗಳಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ನಾಲ್ಕು ತಂತಿಯ ಪಿಟೀಲನ್ನೇ. ಚೌಡಯ್ಯನವರ ವಾದ್ಯ ಸೋಲಲಿಲ್ಲ. ಅದರ ನೆಲೆ ಕಾಲ ಕೆಳಗಿನಿಂದ ಸರಿದುಹೋಯಿತು. ಕೆರೆ ಬತ್ತಿದಾಗ ಮೀನಿಗೆ ಆಗುವುದು ಇದೇ.

ಇಲ್ಲೊಂದು ಬಲವಾದ ಆಕ್ಷೇಪವಿದೆ, ಅದನ್ನು ಮುಚ್ಚಿಡುವುದಿಲ್ಲ. ಚೌಡಯ್ಯನವರು ಬೇಕೆಂದೇ ತಂತಿ ಸೇರಿಸಿದರು. ಜಿರಾಫೆ ಬೇಕೆಂದು ಕತ್ತು ಉದ್ದ ಮಾಡಿಕೊಳ್ಳಲಿಲ್ಲ. ಮನುಷ್ಯನಿಗೆ ಮುಂದಾಲೋಚನೆ ಇದೆ, ಪ್ರಕೃತಿಗೆ ಇಲ್ಲ. ಹಾಗಾದ ಮೇಲೆ ಹೋಲಿಕೆ ಎಲ್ಲಿ ಉಳಿಯಿತು? ನನ್ನ ಉತ್ತರ ಇಷ್ಟು: ಮುಂದಾಲೋಚನೆ ಇದೆ, ಆದರೆ ನಾವು ಹೊಗಳಿಕೊಳ್ಳುವಷ್ಟು ಇಲ್ಲ. ರೈಟ್ ಸಹೋದರರು 1901ರಲ್ಲಿ ಗಾಳಿಯ ಸುರಂಗ ಕಟ್ಟಿ ಸುಮಾರು 200 ಬಗೆಯ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಯಾವುದು ಗೆಲ್ಲುತ್ತದೆಂದು ಮೊದಲೇ ತಿಳಿದಿದ್ದರೆ ಒಂದೇ ಸಾಕಿತ್ತು. ಹೊಲದಲ್ಲಿ ಹತ್ತು ವರ್ಷ ಹಿಡಿಯುವ ಆಯ್ಕೆಯನ್ನು ಅವರು ಕೋಣೆಯೊಳಗೆ ತಂದರು. ಜೊತೆಗೆ, ಮುಂದಾಲೋಚಿಸಿ ಮಾಡಿದ್ದು ಕೂಡ ತನ್ನ ಪೂರ್ವಿಕರ ಗುರುತನ್ನು ಕಳಚಲಾರದು. ಇಂಗ್ಲಿಷ್ ಟೈಪ್‌ರೈಟರಿನ ಅಕ್ಷರಗಳ ಜಾಗ 1870ರ ದಶಕದಲ್ಲಿ ನಿಂತಿತು. ಕೆ.ಪಿ. ರಾವ್ ಅವರು ಗಣಕದಲ್ಲಿ ಕನ್ನಡಕ್ಕೆ ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆಯನ್ನು ರೂಪಿಸಿದಾಗ, ಇಂಗ್ಲಿಷ್ ‘ಕೆ’ ಇದ್ದಲ್ಲಿ ನಮ್ಮ ‘ಕ’ ಬಂತು. ಕಾಗದದ ಮೇಲೆ ಬಡಿಯುವ ಲೋಹದ ಕಡ್ಡಿಗಳು ಮರೆಯಾಗಿ ಕಾಲವಾಯಿತು. ಅವುಗಳ ಕಾಲದ ಸಾಲು ಈ ಉಪನ್ಯಾಸವನ್ನು ಟೈಪಿಸಿದ ನನ್ನ ಬೆರಳಿನಲ್ಲಿ ಇದೆ. ನಮ್ಮ ಬೆನ್ನುಮೂಳೆಯ ತುದಿಯಲ್ಲಿ ಬಾಲದ ಗುರುತು ಉಳಿದಂತೆ.

ಈಗ ಹತಾರಗಳನ್ನು ನಿಜವಾಗಿಯೂ ವಿಕಾಸವಾಗಲು ಬಿಟ್ಟಿರುವ ಉದಾಹರಣೆಗಳೂ ಇವೆ. ನಾಸಾ 2006ರ ಮಾರ್ಚ್‌ನಲ್ಲಿ ಹಾರಿಸಿದ ಎಸ್‌ಟಿ5 ಎಂಬ ಪುಟ್ಟ ಉಪಗ್ರಹಗಳ ಒಂದು ಆಂಟೆನಾವನ್ನು ಯಾವ ಎಂಜಿನಿಯರೂ ಬರೆಯಲಿಲ್ಲ. ಗಣಕದೊಳಗೆ ಆಕಾರಗಳನ್ನು ಹುಟ್ಟಿಸಿ, ಬೆರೆಸಿ, ಅಲ್ಲಲ್ಲಿ ಬದಲಿಸಿ, ಚೆನ್ನಾಗಿ ಕೆಲಸ ಮಾಡಿದವನ್ನು ಉಳಿಸಿ ತಲೆಮಾರುಗಟ್ಟಲೆ ನಡೆಸಿದಾಗ ಹುಟ್ಟಿದ್ದು ಅದು. ನೋಡಲು ಮಗುವೊಂದು ಮನಬಂದಂತೆ ಬಗ್ಗಿಸಿದ ತಂತಿಯಂತಿದೆ. ಇದಕ್ಕಿಂತ ನನ್ನನ್ನು ಕಾಡಿದ್ದು 1996ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಆಡ್ರಿಯನ್ ಥಾಂಪ್ಸನ್ ನಡೆಸಿದ ಪ್ರಯೋಗ. ಅವರು ಒಂದು ಎಲೆಕ್ಟ್ರಾನಿಕ್ ಚಿಪ್ಪಿನ 100 ಕೋಶಗಳ ಜಾಗ ಕೊಟ್ಟು, ಎರಡು ಸ್ವರಗಳ ಭೇದ ಗುರುತಿಸುವ ವಿದ್ಯುನ್ಮಂಡಲವನ್ನು ಸಾವಿರಾರು ತಲೆಮಾರು ವಿಕಾಸಗೊಳಿಸಿದರು. ಕೊನೆಗೆ ಬಂದ ಮಂಡಲ ಅರ್ಧಕ್ಕಿಂತ ಕಡಿಮೆ ಕೋಶಗಳನ್ನು ಬಳಸಿ ಕೆಲಸ ಮಾಡಿತು. ಅವುಗಳಲ್ಲಿ ಕೆಲವಕ್ಕೆ ಉಳಿದ ಮಂಡಲದ ಜೊತೆ ತಂತಿಯ ಸಂಬಂಧವೇ ಇರಲಿಲ್ಲ. ಆದರೆ ಅವನ್ನು ತೆಗೆದರೆ ಕೆಲಸ ಕೆಡುತ್ತಿತ್ತು. ಆ ಚಿಪ್ಪಿನ ಭೌತಿಕ ಗುಣಗಳನ್ನೇ, ಯಾವ ಎಂಜಿನಿಯರೂ ಲೆಕ್ಕಕ್ಕೆ ಹಿಡಿಯದ ಗುಣಗಳನ್ನು, ಅದು ಬಳಸಿಕೊಂಡಿತ್ತು. ಜೀವಿಗಳು ಮಾಡುವುದೂ ಇದನ್ನೇ. ಆದರೆ ಎರಡು ಪ್ರಯೋಗಗಳಲ್ಲೂ ‘ಚೆನ್ನಾಗಿದೆ’ ಎಂದರೆ ಏನು ಎಂಬುದನ್ನು ಗೊತ್ತುಮಾಡಿದವರು ಮನುಷ್ಯರು. ಹೊಲದಲ್ಲಿ ಅದನ್ನು ಗೊತ್ತುಮಾಡುತ್ತಿದ್ದುದು ಮಳೆ.

ಹತಾರ ತನ್ನಂತೆಯೇ ಇನ್ನೊಂದನ್ನು ತಾನೇ ಹೆರಲಾರದು ಎಂಬ ಮಾತು ಉಳಿಯಿತು. ಬಾತ್ ವಿಶ್ವವಿದ್ಯಾಲಯದ ಆಡ್ರಿಯನ್ ಬೋಯರ್ 2005ರಲ್ಲಿ ತನ್ನ ಭಾಗಗಳನ್ನು ತಾನೇ ಮುದ್ರಿಸಿಕೊಳ್ಳುವ ಯಂತ್ರದ ಯೋಜನೆಯನ್ನು ಶುರುಮಾಡಿದರು. ಮೊದಲ ಮಾದರಿಗೆ ಇಟ್ಟ ಹೆಸರು ‘ಡಾರ್ವಿನ್’. 2008ರಲ್ಲಿ ಅದಕ್ಕೆ ಮರಿ ಆಯಿತು. ಪ್ಲಾಸ್ಟಿಕ್ ಭಾಗಗಳನ್ನು ತಾಯಿಯಂತ್ರ ಮುದ್ರಿಸಿತು. ಮೋಟಾರು, ತಿರುಪು, ಸರಳುಗಳನ್ನು ಹೊರಗಿನಿಂದ ತಂದು ಮನುಷ್ಯರು ಜೋಡಿಸಿದರು.

ಮನುಷ್ಯರ ಕೈ ಬೇಕಾಯಿತು ಎಂಬುದು ಸೋಲಲ್ಲ. ಬಟ್ಲರ್ ಇದಕ್ಕೆ 1872ರ ತಮ್ಮ ‘ಎರೆವಾನ್’ ಕಾದಂಬರಿಯಲ್ಲಿ ಉತ್ತರ ಕೊಟ್ಟಿದ್ದಾರೆ. ಕೆಂಪು ಕ್ಲೋವರ್ ಎಂಬ ಮೇವಿನ ಗಿಡ ಬೀಜ ಕಟ್ಟಬೇಕಾದರೆ ಗುಂಯ್‌ಗುಡುವ ದೊಡ್ಡ ದುಂಬಿ ಬರಲೇಬೇಕು. ಹಾಗೆಂದು ಆ ಗಿಡಕ್ಕೆ ಸಂತಾನಶಕ್ತಿ ಇಲ್ಲವೆಂದು ಯಾರಾದರೂ ಹೇಳುತ್ತಾರೆಯೇ ಎಂಬುದು ಅವರ ವಾದ. ದುಂಬಿ ಗಿಡದ ಸಂತಾನದ ವ್ಯವಸ್ಥೆಯ ಒಂದು ಭಾಗ. ಹಾಗೆಯೇ ಮನುಷ್ಯ ಯಂತ್ರದ ಸಂತಾನದ ವ್ಯವಸ್ಥೆಯ ಒಂದು ಭಾಗ.

ಬಟ್ಲರ್ ಈ ಹೋಲಿಕೆಯಿಂದ ಯಂತ್ರದ ಬಲವನ್ನು ಕಂಡರು. ನಾನು ಕಾಣುವುದು ಹತಾರದ ಅಸಹಾಯಕತೆಯನ್ನು. ದುಂಬಿ ಹೋದರೆ ಗಿಡ ಹೋಗುತ್ತದೆ. ಕೂರಿಗೆಯ ಬಳುವಳಿ ಇದ್ದದ್ದು ಜಾಲಿಯ ದಿಂಡಿನಲ್ಲಿ ಮಾತ್ರವಲ್ಲ. ಬಡಗಿಯ ಗೇಣಿನಲ್ಲಿ, ಕಮ್ಮಾರರ ಕುಲುಮೆಯಲ್ಲಿ, ನಮ್ಮಪ್ಪನ ದೂರಿನಲ್ಲಿ, ಅಜ್ಜಿಯ ಬೆರಳಿನಲ್ಲಿ ಅದು ಹಂಚಿಕೊಂಡಿತ್ತು. ಆದ್ದರಿಂದ ಪ್ರಶ್ನೆಗೆ ನನ್ನ ಉತ್ತರ: ಹೌದು, ಹತಾರಗಳು ವಿಕಾಸವಾಗುತ್ತವೆ, ಉಪಮೆಯ ಅರ್ಥದಲ್ಲಿ ಅಲ್ಲ, ನಿಜವಾದ ಅರ್ಥದಲ್ಲಿ. ಆದರೆ ವಿಕಾಸವಾಗುವ ಘಟಕ ಒಂಟಿ ಹತಾರವಲ್ಲ, ಹತಾರವೂ ಅದನ್ನು ಮಾಡುವ, ಬಳಸುವ, ರಿಪೇರಿ ಮಾಡುವ ಕೈಗಳೂ ಕೂಡಿದ ಬಳಗ. ಬಳುವಳಿ ಆ ಬಳಗದಲ್ಲಿದೆ.

ಈಗ ನಮ್ಮೂರಿನಲ್ಲಿ ಟ್ರ್ಯಾಕ್ಟರಿನ ಬಿತ್ತನೆ ಯಂತ್ರ ಬಂದಿದೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಕೂರಿಗೆಯ ಹಿಂದೆ ದಿನವಿಡೀ ನಡೆದ ಹೆಣ್ಣುಮಕ್ಕಳ ಸೊಂಟದ ನೋವನ್ನು ಕಂಡವನು ಅಂಥ ಮಾತು ಆಡಬಾರದು. ನನ್ನ ಚಿಂತೆ ಬೇರೆ. ಸಾಲಿನ ಅಂತರವನ್ನು ಈಗ ದೂರದ ಕಾರ್ಖಾನೆ ಗೊತ್ತುಮಾಡುತ್ತದೆ. ‘ಅರ್ಧ ಬೆರಳು ಬಿಡಿ’ ಎಂದು ಹೇಳಲು ಎದುರಿಗೆ ಯಾರೂ ಇಲ್ಲ. ಹೊಲದಲ್ಲಿ ನಡೆಯುತ್ತಿದ್ದ ಆಯ್ಕೆ ಅಂಗಡಿಗೆ ಹೋಯಿತು. ಅಂಗಡಿಯಲ್ಲಿ ಗೆಲ್ಲುವ ಗುಣಗಳೂ ಮಣ್ಣಿನಲ್ಲಿ ಗೆಲ್ಲುವ ಗುಣಗಳೂ ಒಂದೇ ಆಗಿರಬೇಕೆಂದಿಲ್ಲ.

ಆದರೂ ಬಳಗ ಪೂರ್ತಿ ಸತ್ತಿಲ್ಲ. ತಾಲ್ಲೂಕು ಕೇಂದ್ರದ ವೆಲ್ಡಿಂಗ್ ಶಾಪಿಗೆ ಹೋಗಿ ನೋಡಿ. ಹಳೆ ಸೈಕಲ್ಲಿನ ಚಕ್ರ ಮತ್ತು ಹ್ಯಾಂಡಲ್ಲಿಗೆ ಎಡೆಕುಂಟೆಯ ಕುಡವನ್ನು ಬೆಸೆದು, ಎತ್ತಿಲ್ಲದ ರೈತ ಒಬ್ಬನೇ ತಳ್ಳಿಕೊಂಡು ಎಡೆ ಹೊಡೆಯುವ ಸೈಕಲ್ ಕುಂಟೆಯನ್ನು ಅಲ್ಲಿ ಮಾಡುತ್ತಾರೆ. ಕ್ರೋಬರ್ ಬರೆದ ಮರದ ಕೂಡುಕೊಂಬೆ ಅದು. ಒಂದು ಕುಂಟೆಯನ್ನು ನೋಡಿ ಇನ್ನೊಂದನ್ನು ಮಾಡುತ್ತಾರೆ, ಪ್ರತಿ ಸಲವೂ ಏನೋ ಒಂದು ಬದಲಾಗುತ್ತದೆ. ಬೆಸುಗೆಯ ಕಿಡಿಯ ನಡುವೆ ನಿಂತ ಆ ಹುಡುಗರು ನಮ್ಮೂರ ಆಚಾರ್ರ ನಿಜವಾದ ವಾರಸುದಾರರು. ಅವರಿಗೆ ಬ್ಯಾಂಕಿನ ಸಾಲ ಸುಲಭವಾಗಿ ಸಿಗಬೇಕು. ಕೃಷಿ ವಿಶ್ವವಿದ್ಯಾಲಯಗಳ ಎಂಜಿನಿಯರರು ವರ್ಷಕ್ಕೊಮ್ಮೆಯಾದರೂ ಅವರ ಅಂಗಡಿಯಲ್ಲಿ ಕೂರಬೇಕು, ಕಲಿಸಲಿಕ್ಕೂ, ಕಲಿಯಲಿಕ್ಕೂ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಜೀವಿ ಅಳಿದರೆ ಮರಳಿ ಬಾರದು. ಹತಾರ ಹಾಗಲ್ಲ, ಅಳತೆ ಉಳಿದಿದ್ದರೆ ಮತ್ತೆ ಮಾಡಬಹುದು. ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಕೂರಿಗೆ ಇದ್ದರೆ ಕೆಳಗಿಳಿಸಿ, ಧೂಳು ಕೊಡವಿ, ಟೇಪು ಹಿಡಿದು ಅಳೆಯಿರಿ. ತಾಳುಗಳು ಎಷ್ಟು, ಅವುಗಳ ಅಂತರ ಎಷ್ಟು, ಮರ ಯಾವುದು, ಯಾವ ನೆಲಕ್ಕೆ ಯಾವ ಕಾಳು ಬಿತ್ತುತ್ತಿದ್ದರು, ಒಂದೊಂದು ಭಾಗಕ್ಕೆ ನಿಮ್ಮ ಊರಿನಲ್ಲಿ ಏನು ಹೆಸರು, ಮಾಡಿದವರು ಯಾರು ಎಂಬುದನ್ನೆಲ್ಲ ಬರೆದುಕೊಳ್ಳಿ. ಕಾಳು ಬಿಟ್ಟ ಅಜ್ಜಿ ಇನ್ನೂ ಇದ್ದರೆ ಅವರ ಕೈಗೆ ಒಂದು ಹಿಡಿ ರಾಗಿ ಕೊಟ್ಟು, ಹೇಗೆ ಬಿಡುತ್ತಿದ್ದಿರಿ ಎಂದು ಕೇಳಿ, ಆ ಬೆರಳುಗಳನ್ನು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ತಂದದ್ದನ್ನು ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಮುಂಗಾರು ಶುರುವಾಗುವ ಮೊದಲೇ ಹೋಗಿ. ಮಳೆ ಹಿಡಿದರೆ ಊರಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.